ಕಿಲೋಮೀಟರಿಗೆ ಎರಡೂಮುಕ್ಕಾಲು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಾವು ಏಳು ಜನ,
ಏಳು ಕಪ್ಪು ಬ್ಯಾಗು. ಟೈ ಕಟ್ಟಿದವರು ಇಬ್ಬರು,
ಮಿಕ್ಕವರು ಬಿಚ್ಚಿ ಜೇಬಿಗೆ ತುರುಕಿಕೊಂಡವರು.
ಬಾಗಿಲಿಗೆ ಬೋರ್ಡು: ಪ್ರತಿನಿಧಿಗಳಿಗೆ ಮಂಗಳವಾರ, ಎರಡರ ಮೇಲೆ.
ಎರಡಾಗಿ ಎಷ್ಟು ಹೊತ್ತಾಯಿತೆಂದು ಯಾರೂ ಕೇಳುವುದಿಲ್ಲ.
ಕೆಮ್ಮುವ ಮಗುವಿಗೆ ಜಾಗ ಬಿಟ್ಟು
ಗೋಡೆಗೆ ಒರಗುತ್ತೇವೆ. ಗೋಡೆಯ ಸುಣ್ಣ
ನಮ್ಮೆಲ್ಲರ ಎಡಭುಜದ ಮೇಲೂ ಇದೆ;
ಮೆಡಿಕಲ್ ಶಾಪಿನವರು ಅದನ್ನು ನೋಡಿಯೇ ಗುರುತು ಹಿಡಿಯುತ್ತಾರೆ.

ಒಳಗೆ ನನಗೆ ಸಿಗುವುದು ಒಂದೂವರೆ ನಿಮಿಷ.
ಡಾಕ್ಟರು ಫೋನು ನೋಡುತ್ತ 'ಹೇಳಿ ಹೇಳಿ' ಅನ್ನುತ್ತಾರೆ.
ಹೇಳುತ್ತೇನೆ. ನಿದ್ದೆಯಲ್ಲೂ ಹೇಳುತ್ತೇನಂತೆ,
ಹೆಂಡತಿ ತಟ್ಟಿ ಎಬ್ಬಿಸಿದ್ದಾಳೆ:
'ಸಕ್ಕರೆ ಕಾಯಿಲೆಗೆ ದಿನಕ್ಕೊಂದೇ ಮಾತ್ರೆ, ಸರ್,
ಊಟಕ್ಕೆ ಮುಂಚೆಯಾದರೂ ಸರಿ, ಆಮೇಲಾದರೂ ಸರಿ.'
ಆ ಮಾತ್ರೆ ನಾನು ನುಂಗುವುದಿಲ್ಲ.
ನನ್ನ ಸಕ್ಕರೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಜನೌಷಧಿ ಅಂಗಡಿ,
ಹೆಲ್ಮೆಟ್ ತೆಗೆಯದೆ ಕೊಳ್ಳುತ್ತೇನೆ.

ಮಾರ್ಚು. ಟಾರ್ಗೆಟ್ಟಿಗೆ ಶೇಕಡಾ ಎರಡು ಕಮ್ಮಿ.
ತೊಂಬತ್ತೆಂಟಕ್ಕೆ ಇನ್ಸೆಂಟಿವ್ ಸೊನ್ನೆ.
ಗಣಿತದಲ್ಲಿ ತೊಂಬತ್ತೆಂಟು ತೆಗೆದು ಕುಣಿದ ಮಗಳಿಗೆ
ಈ ಲೆಕ್ಕ ಹೇಗೆ ಬಿಡಿಸಿ ತೋರಿಸಲಿ.
ಪದ್ಮರಾಜ್ ಸರ್ ಹುಬ್ಬಳ್ಳಿಯಿಂದ ಫೋನು ಮಾಡಿ
'ಸ್ಟಾಕಿಸ್ಟ್ ಹತ್ರ ಇನ್ನೂ ನಾಲ್ಕು ಬಾಕ್ಸ್ ತಳ್ರೀ' ಎನ್ನುತ್ತಾರೆ.
ತಳ್ಳಿದ್ದು ಮಳೆಗಾಲಕ್ಕೆ ಎಕ್ಸ್‌ಪೈರಿಯಾಗಿ
ನನ್ನ ಹೆಸರಿಗೇ ವಾಪಸ್ ಬರುತ್ತದೆ. ಅವರಿಗೂ ಗೊತ್ತು.
ಅವರ ಬೆನ್ನ ಮೇಲೂ ಯಾರದೋ ಕೈಯಿದೆ.

ಬುಧವಾರ ಅನ್ವಿತ್‌ನನ್ನು ಹಿಂದೆ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟೆ.
ಹೊಸ ಹುಡುಗ, ಕೊಪ್ಪದ ಕಡೆಯವನು, ಶೂ ಇನ್ನೂ ಕಚ್ಚುತ್ತದೆ.
ಕಲಿಸಿಕೊಡಿ ಅಂದಿದೆ ಕಂಪನಿ. ಕಲಿಸುವುದಕ್ಕೆ ಭತ್ಯೆಯಿಲ್ಲ.
ಯಾವ ಡಾಕ್ಟರಿಗೆ ಸ್ಯಾಂಪಲ್ ಮೊದಲು, ಯಾರಿಗೆ ಮಾತು ಮೊದಲು,
ಯಾವ ಕಾಂಪೌಂಡರನ್ನು ಮಗನ ಓದಿನ ಬಗ್ಗೆ ಕೇಳಬೇಕು,
ಕೋಣಂದೂರು ಸುತ್ತಿ ಬಂದರೂ ಆಪಿನ ಪಾಲಿಗೆ
ತೀರ್ಥಹಳ್ಳಿ ಮಾತ್ರ ನೋಡಿ ಬಂದಂತೆ.
ಕಿಲೋಮೀಟರಿಗೆ ಎರಡೂಮುಕ್ಕಾಲು, ಪೆಟ್ರೋಲು ಎಷ್ಟಾದರೂ,
ಆಗುಂಬೆಯ ತಿರುವಾದರೂ ಶಿಕಾರಿಪುರದ ಬಯಲಾದರೂ.

ಮಂಡಗದ್ದೆಯಲ್ಲಿ ಚಾಕ್ಕೆ ನಿಂತೆವು. ಮಾರ್ಚಿನಲ್ಲಿ ಹಕ್ಕಿಗಳಿಲ್ಲ,
ಹಕ್ಕಿಗಳ ಬೋರ್ಡು ಮಾತ್ರ.
ಖರ್ಚು ತುಂಬೋದು ತೋರಿಸಿ ಸರ್, ಎಂದು ಫೋನು ಕೊಟ್ಟ.
ನನ್ನ ಹೆಬ್ಬೆರಳು ದಪ್ಪ. ಬೇರೇನೋ ತೆರೆದುಕೊಂಡಿತು.
ಮೂಲ ವೇತನ. ಅದರ ಕೆಳಗೆ ಒಟ್ಟು.
ನನ್ನದಕ್ಕಿಂತ ನಾಲ್ಕು ಸಾವಿರದ ಇನ್ನೂರು ಹೆಚ್ಚು.

ಹದಿಮೂರು ವರ್ಷವನ್ನು ಹನ್ನೆರಡರಿಂದ ಗುಣಿಸಲು ಹೊರಟು
ನಡುವೆ ಬಿಟ್ಟೆ.
ನಾನು ನೋಡಿದ್ದನ್ನು ಅವನೂ ನೋಡಿದ.
'ಈಗೆಲ್ಲ ಇಷ್ಟೇ ಸರ್ ಸ್ಟಾರ್ಟಿಂಗು' ಅಂದವನು
ನಾಲಿಗೆ ಕಚ್ಚಿಕೊಂಡ. ಕಿವಿ ಕೆಂಪಾಯಿತು.
'ಮನೆಗೆ ಎಷ್ಟು ಕಳಿಸ್ತೀಯ?'
'ತಂಗಿ ನರ್ಸಿಂಗ್ ಫೀಸು. ಉಳಿದರೆ ರೂಮಿನ ಬಾಡಿಗೆ.'
ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ, ಬ್ಯಾಗಿನ ಹಾಗೆ
ಬೆಂಚಿನ ಮೇಲಿಟ್ಟೆ, ಮತ್ತೆ ಹೆಗಲಿಗೇ ಹಾಕಿಕೊಂಡೆ.

ಫಯಾಜ್ ಹೋದ ವರ್ಷವೇ ಬಿಟ್ಟ.
ಗೋಪಿ ಸರ್ಕಲ್ಲಿನ ಹತ್ತಿರ ಹೆಲ್ಮೆಟ್ ಮಾರುತ್ತಾನೆ.
ಟಾರ್ಗೆಟ್ ಇಲ್ಲ ಮಾರಾಯ, ತಲೆ ಇದ್ದೋರೆಲ್ಲ ಗಿರಾಕಿ,
ಅನ್ನುತ್ತ ನನ್ನ ಕಡೆ ನೋಡಿ ನಗುತ್ತಾನೆ.

ಸಕ್ಕರೆ ಇಲ್ಲದ ಚಾ ಒಂದು, ಇದ್ದದ್ದು ಒಂದು.
ಜೊತೆಗೆ ಬಂದ ಹುಡುಗರ ಚಾ ಯಾವತ್ತೂ ನನ್ನ ಲೆಕ್ಕ.
'ಇವತ್ತು ನಾನು ಕೊಡ್ತೀನಿ ಸರ್.'
ಕೊಡು ಅಂದೆ.
ಬೈಕಿನ ಕೀಲಿಯನ್ನೂ ಅವನ ಕೈಗೆ ಹಾಕಿ ಹಿಂದೆ ಕೂತೆ.
ತೂದೂರು ದಾಟುವವರೆಗೆ ಇಬ್ಬರಿಗೂ ಮಾತಿಲ್ಲ.
ಆಮೇಲೆ ಗಾಳಿಯಲ್ಲಿ ಕೂಗಿದೆ:
ಡಾಕ್ಟರು ಒಳಗೆ ಕರೆದರೆ
ಮೊದಲು ಭುಜದ ಸುಣ್ಣ ಒರೆಸಿಕೋ.
ಕೇಳಿಸಿತೋ ಇಲ್ಲವೋ,
ಹೆಲ್ಮೆಟ್ಟು ಅಲ್ಲಾಡಿತು.