ಸದರಿ

ಬಾರ್ನ್ಸ್‌ಲಿ ಮಾರ್ಕೆಟ್ಟಿನ ಮೇಲಂತಸ್ತು.
ಉಣ್ಣೆನೂಲಿನ ಅಂಗಡಿಗೂ ಬೀಗದ ಕೈ ಕಡೆಯುವವನಿಗೂ ನಡುವೆ
ನನ್ನದೊಂದು ಆರಡಿ ಮೇಜು.
ನೀರು ಕುಡಿದ ಫೋನು, ಏಳಲೊಲ್ಲದ ಲ್ಯಾಪ್‌ಟಾಪು,
ಪಾಸ್‌ವರ್ಡ್ ಮರೆತ ಮುದುಕರು ಬಂದು ಹೋಗುವ ಜಾಗ.

ಡೋರೀನ್ ಆಕ್ಸ್‌ಲಿ ಅದನ್ನು ತಂದದ್ದು
ತರಕಾರಿ ತುಂಬುವ ತಳ್ಳುಚೀಲದಲ್ಲಿ:
ಟೀ ಬಣ್ಣಕ್ಕೆ ತಿರುಗಿದ ಹಳೇ ಕಂಪ್ಯೂಟರು.
‘ಸಿರಿಲ್‌ನದು. ಪಾರಿವಾಳದ ಲೆಕ್ಕ ಇದರಲ್ಲಿದೆ.
ಕ್ಲಬ್ಬಿನವರು ಕೇಳ್ತಿದಾರೆ. ನನಗಲ್ಲ.’
ಚೀಲದ ಜಿಪ್ಪು ಎಳೆಯುತ್ತ ಇನ್ನೊಮ್ಮೆ ಅಂದಳು,
ನನಗಲ್ಲ.

ಮೊದಲು ಪ್ರತಿ ತೆಗೆಯಬೇಕು. ಕಡತಗಳದ್ದಲ್ಲ,
ಇಡೀ ಡಿಸ್ಕಿನದು, ಅಚ್ಚು ಒತ್ತಿದ ಹಾಗೆ
ಮೊದಲ ಬಿಟ್ಟಿನಿಂದ ಕಟ್ಟಕಡೆಯ ಬಿಟ್ಟಿನವರೆಗೆ.
ತಂತ್ರಾಂಶ ಕೇಳುತ್ತದೆ: ಖಾಲಿ ಜಾಗ ಬಿಟ್ಟುಬಿಡಲೇ?
ಎರಡು ತಾಸು ಉಳಿಯುತ್ತದೆಂದು ಆಸೆಯನ್ನೂ ತೋರಿಸುತ್ತದೆ.
ಬೇಡ ಅನ್ನುತ್ತೇನೆ, ಯಾವಾಗಲೂ.
ಖಾಲಿ ಅಂದರೆ ಏನೂ ಇಲ್ಲವೆಂದಲ್ಲ,
ಇನ್ನು ಯಾರೂ ಕೇಳುವುದಿಲ್ಲ ಎಂದಷ್ಟೇ.

ಡಿಸ್ಕು ತಿರುಗಿತು, ಎಣ್ಣೆ ಕಾಣದ ಹೊಲಿಗೆಯಂತ್ರ.
ಶೇಕಡಾ ಅರವತ್ತೆರಡಕ್ಕೆ ಬಂದು ಮುಗ್ಗರಿಸಿತು:
ಟಿಕ್, ಟಿಕ್, ಹಿಂದೆ ಸರಿದು ಮತ್ತೆ ಟಿಕ್,
ಕತ್ತಲಲ್ಲಿ ಮೆಟ್ಟಿಲು ತಡಕುವ ಕಾಲು.
ಓದಲಾಗದ ಕಡೆ ಸೊನ್ನೆ ತುಂಬು ಅಂದೆ. ತುಂಬಿತು.
ಅಲ್ಲೇನಿತ್ತೋ.
ಪಕ್ಕದವನ ಯಂತ್ರ ಒಂದೇ ಸಮ ಹಿತ್ತಾಳೆ ತಿನ್ನುತ್ತಿತ್ತು.
ನಾನು ಚಿಪ್ಸು ತಂದು, ವಿನಿಗರ್ ಹೆಚ್ಚಾಯಿತೆಂದು
ಬೈದುಕೊಳ್ಳುತ್ತಲೇ ತಿಂದು ಮುಗಿಸಿದೆ.

ಸಂಜೆ ತೆರೆದು ನೋಡಿದರೆ ಹದಿನೇಳು ವರ್ಷದ ಶನಿವಾರಗಳು.
ಉಂಗುರದ ನಂಬರು, ಬಿಟ್ಟ ಊರು, ಗಾಳಿಯ ದಿಕ್ಕು,
ಗೂಡಿಗೆ ಬಂದ ಗಂಟೆ, ನಿಮಿಷ, ಸೆಕೆಂಡು.
ನೀಲಿಪಟ್ಟೆಯ ಹೆಣ್ಣು: ಮರಳಿತು.
ಬೂದುಚುಕ್ಕೆಯ ಗಂಡು: ಮರಳಿತು.
ಮರಳಿತು, ಮರಳಿತು, ಪುಟದ ಮೇಲೆ ಪುಟ ಮರಳಿತು.

ಗಂಟು ಕಟ್ಟಲು ಕೂತೆ. ಕುಗ್ಗಿಸುವ ವಿದ್ಯೆ ದೊಡ್ಡದೇನಲ್ಲ,
ಗದಗಿನ ಶಾಲೆಯಲ್ಲಿ ಜಂಬಣ್ಣ ಮೇಷ್ಟ್ರು
ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದೇ:
ಮಾತು ಇಲ್ಲ. ಮಾತಿಲ್ಲ.
ಒಂದು ಉಕಾರ ಲೋಪ; ಅರ್ಥ ಅಲ್ಲೇ ಇದೆ.
ಬಿಡಿಸಿ ಬರೆ ಅಂದಾಗ ಹೋದದ್ದು ಎದ್ದು ಬರಬೇಕು,
ಬರದಿದ್ದರೆ ಅದು ಸಂಧಿಯಲ್ಲ, ಕಳವು.
ಮಿಕ್ಕಿದ್ದು ದಫ್ತರದವರ ಉಪಾಯ: ಸದರಿ.
ಒಮ್ಮೆ ಬರೆ, ಆಮೇಲೆ ಬೆರಳು ತೋರಿಸು.
ಮೊದಲ ‘ಮರಳಿತು’ ಅಕ್ಷರಗಳಲ್ಲಿ ಉಳಿಯಿತು,
ಹಿಂದೆ ಬಂದ ಸಾವಿರ ರೆಕ್ಕೆಗಳು
ಸದರಿ, ಸದರಿ, ಸದರಿ.
ಬೊಗಸೆ ಚಿಟಿಕೆಯಾಯಿತು.

ಕುಗ್ಗದೆ ಕೂತದ್ದು ಸ್ವಲ್ಪ.
ಒಂದೇ ಸಲ ಆದದ್ದಕ್ಕೆ ಬೆರಳು ತೋರಲು ಮೇಲಿನ ಸಾಲಿರುವುದಿಲ್ಲ.
‘ಜೂನ್ ೨೦೦೩. ಫ್ರಾನ್ಸಿನಲ್ಲಿ ಬಿಟ್ಟದ್ದು. ಕಡಲ ಮೇಲೆ ಮಂಜು.
ರಸ್ಟಿ ಬರಲಿಲ್ಲ. ಹತ್ತರವರೆಗೆ ಗೂಡು ತೆರೆದಿಟ್ಟೆ.
ಡೋರೀನ್ ಫ್ಲಾಸ್ಕಿನಲ್ಲಿ ಟೀ ತಂದಳು. ಕೂತಳು.’

ಇಡೀ ಲೆಕ್ಕದಲ್ಲಿ ಅವಳ ಹೆಸರು ಅದೊಂದೇ ಸಲ.
ಖಾಲಿ ಜಾಗವನ್ನೂ ಜಾಲಾಡಿದೆ:
ಬಾಯ್ಲರ್ ಕಂಪನಿಗೆ ಬರೆದು ಅಳಿಸಿದ ಜಗಳದ ಪತ್ರ,
ಇಸ್ಪೀಟಾಟದ ಚೂರು, ಅಷ್ಟೇ.

ಕಟ್ಟಿದ್ದನ್ನು ಬಿಚ್ಚಿ ನೋಡಿದೆ. ಮೊತ್ತ ತಾಳೆ.

ಗುರುವಾರ ಬಂದಳು. ಹೆಬ್ಬೆರಳಿನಷ್ಟಿದ್ದ ಪೆನ್‌ಡ್ರೈವು
ಅಂಗೈಯಲ್ಲಿ ತೂಗಿ, ‘ಇಷ್ಟೇನಾ, ಲವ್?’ ಅಂದಳು,
ಇಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುವ ಹಾಗೆ.
‘ಹೆಚ್ಚಿನದೆಲ್ಲ ಒಂದೇ ಥರ ಇತ್ತು.’
‘ಇತ್ತು,’ ಅಂದಳು. ‘ಇತ್ತಪ್ಪ.’

ಜೂನ್ ತಿಂಗಳ ಆ ಪುಟ ಮುದ್ರಿಸಿ ಡ್ರಾಯರಿನಲ್ಲಿಟ್ಟಿದ್ದೆ.
ನನಗಲ್ಲ ಎಂದಿದ್ದಳು. ಎರಡು ಸಲ.
ಎರಡನೆಯದನ್ನು ಸದರಿ ಎಂದು ಬರೆದುಕೊಳ್ಳಬಹುದಿತ್ತು,
ಆದರೆ ಆ ಸಲ ದನಿ ಬೇರೆಯಿತ್ತು.
ಡ್ರಾಯರು ಎಳೆದೆ.