ಹೆಬ್ಬೆರಳು

ಫಾರಮ್ಮಿನ ಮೇಲೆ ಯಾರೋ ಆಗಲೇ ಬರೆದಿದ್ದಾರೆ:
ಲಿಂಫೋಮಾ? ಕೊನೆಯ ಕೊಕ್ಕೆ ಮಾತ್ರ ತುಸು ಅಳುಕಿದೆ.

ಪರೇಲಿನ ಮೂರನೇ ಮಹಡಿ. ಮಸೂರಕ್ಕೆ ಕಣ್ಣೊತ್ತಿದರೆ
ಗೋವಂಡಿಯ ಮೆಹರಾಜ್‌ಬಿಯ ಹೆಬ್ಬೆರಳಿನ ಚೂರು,
ಅದರೊಳಗೆ ಸಂಜೆ ಏಳರ ಕುರ್ಲಾ ಪ್ಲಾಟ್‌ಫಾರ್ಮು:
ದೊಡ್ಡ ತಲೆಯ, ಒರಟು ಮೋರೆಯ ಬಿಳಿ ರಕ್ತಕಣಗಳು
ಒಂದರ ಮೈಮೇಲೊಂದು,
ಕೆಲವು ನಿಂತಲ್ಲೇ ಇಬ್ಭಾಗವಾಗುತ್ತ.
ಇನ್ನೊಂದು ಬಣ್ಣ ಹಾಕಿದೆ. ಹತ್ತಿತು, ಕಡು ಕಂದು.
ಅದೂ ಫಾರಮ್ಮಿನ ಪರವೇ ಸಾಕ್ಷಿ.

ಬರೆಯಲು ಪೆನ್ನು ತೆಗೆದವಳು
ಮೂಲೆಯಲ್ಲಿದ್ದ ನಂಬರಿಗೆ ಫೋನು ಹಚ್ಚಿದೆ.
"ಬೆರಳಿಗೆ ಏನಾಗಿತ್ತು ಬೀ?"
ಇಂಡಿ ತಾಲೂಕಿನ ಕನ್ನಡ ಅತ್ತಲಿಂದ:
"ಏನಿಲ್ರೀ ಬಾಯಿ, ತಾಯಿ ಸತ್ತ ಆಡಿನ ಮರಿ.
ಬಾಟ್ಲಿ ಹಾಲು ಕುಡಸಾಕತ್ತಿದ್ನಿ, ಕಡೀತು.
ಅದರ ತುಟಿ ತುಂಬಾ ಹಕ್ಕಳಿ."

ಮತ್ತೆ ಗಾಜಿಗೆ ಬಂದೆ.
ಅಂಚಿನಲ್ಲಿ, ಊದಿದ ಚರ್ಮಕೋಶದೊಳಗೆ
ಕೆಂಪು ಚುಕ್ಕಿಯಾಗಿ ಕೂತಿತ್ತು ಆಡಿನ ವೈರಸ್ಸು.
ಬೆಂಕಿ ನಂದಿಸಲು ಬಂದವರ ಕೈಯಲ್ಲೂ
ಕೊಡಲಿ ಇರುತ್ತದಲ್ಲ;
ನಾನು ಕೊಡಲಿಗಳನ್ನಷ್ಟೇ ಎಣಿಸಿದ್ದೆ.

"ಕ್ಯಾನ್ಸರಲ್ಲ ಬೀ. ಐದಾರು ವಾರ, ತಾನೇ ಒಣಗುತ್ತೆ."
ಸ್ವಲ್ಪ ಹೊತ್ತು ಅತ್ತ ಉಸಿರೇ ಇಲ್ಲ.
ಹಿಂದೆಲ್ಲೋ ಸಣ್ಣದೊಂದು ಮ್ಯಾ.
"ಮರಿದೂ ಒಣಗತೈತೇನ್ರಿ?"