ಅಗೆಯದೆ ಕೇಳುವುದು

ರಾತ್ರಿ ಎರಡಕ್ಕೆ, ಲಿಂಗರಾಜಪುರದ ಫ್ಲೈಓವರ್ ಕೆಳಗೆ
ಕಬ್ಬಿಣದ ಸರಳಿನ ಒಂದು ತುದಿ ರಸ್ತೆಗೆ, ಇನ್ನೊಂದು ಕಿವಿಗೆ:
ಇದು ನನ್ನ ಕೆಲಸ.
ಕಾಗದದಲ್ಲಿ ವಾಲ್ವ್‌ಮನ್ ಚೌರಪ್ಪ,
ತಾತನ ಮಾತಿನಲ್ಲಿ ನೀರುಗಂಟಿ.
ಡಾಂಬರಿನಡಿ ನೀರು ತನ್ನ ಪಾಡಿಗೆ ಹರಿದರೆ ಒಂದು ಸದ್ದು,
ಸೋರಿದರೆ ಬೇರೆ,
ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಮುಂಚಿನ ಆ ಗುಸುಗುಸು.

ಕೇಳಲು ಬಾರದವರು ಅಗೆಯುತ್ತಾರೆ.
ಹತ್ತು ಕಡೆ ಅಗೆದು, ಹತ್ತೂ ಒಣಮಣ್ಣು,
ಬೀದಿಯವರ ಬೈಗುಳ ತಿಂದು ಮುಚ್ಚಿ ಹೋಗುತ್ತಾರೆ.

ನನ್ನೊಳಗೆ ಅಗೆದದ್ದು ಮೂರು ಸಲ.
ಗಂಟಲಿಗೆ ಕಹಿ ಸ್ಪ್ರೇ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ,
ಕರೀ ಕೊಳವೆ ಒಳಗಿಳಿದು
ಮೂರು ಸಲವೂ ಅದೇ ಮಾತು ಹೊತ್ತು ತಂದಿತು: ದೊಡ್ಡದೇನಿಲ್ಲ.
ದೊಡ್ಡದೇನಿಲ್ಲ ಅನ್ನಿಸಿಕೊಳ್ಳಲು ಎಷ್ಟು ಓಕರಿಕೆ!

ಕುಡೀತೀರಾ? ಎಲ್ಲರ ಮೊದಲ ಪ್ರಶ್ನೆ.
ಇಲ್ಲವೆಂದರೆ ಮದಲೇನಮ್ಮನ ಮುಖ ನೋಡುತ್ತಾರೆ.
ನಮ್ಮ ಕೇರಿಗೆಲ್ಲ ಒಂದೇ ಸೂಜಿ ಕುದಿಸಿ
ಕಾಂಪೌಂಡರ್ ಚುಚ್ಚುತ್ತಿದ್ದ ಕಾಲದ್ದು ಈ ಕಾಯಿಲೆ.
ಕುದಿಸಿದ್ದನೋ ಇಲ್ಲವೋ, ಏಸುಸ್ವಾಮಿಗೇ ಗೊತ್ತು.

ಡಾಕ್ಟರ್ ವಾರಿಜಾಕ್ಷಿ ಹೇಳಿದ್ದನ್ನು ನಾನು ಹೀಗೆ ತಿಳಿದೆ:
ಲಿವರ್ ಅಂದರೆ ಕೆರೆಯ ತೂಬು.
ತೂಬು ಗಟ್ಟಿ ಕಟ್ಟಿಕೊಂಡರೆ ರಕ್ತ ಸುಮ್ಮನಿರದು,
ಕೋಡಿ ಹುಡುಕುತ್ತದೆ.
ಅನ್ನನಾಳದ ಸಣ್ಣ ನರಗಳೇ ಕೋಡಿ.
ಉಬ್ಬುತ್ತವೆ, ತೆಳುವಾಗುತ್ತವೆ,
ಒಂದು ರಾತ್ರಿ

ಆ ರಾತ್ರಿಯನ್ನು ನಾನು ನೋಡಿದ್ದೇನೆ.
ಜೊತೆಗಾರ ಗಂಗಹನುಮಯ್ಯ
ವಾಲ್ವ್ ಗುಂಡಿಯ ಅಂಚಿಗೆ ಕುಂತು ಕೆಮ್ಮಿದ.
ಕೆಮ್ಮು ಅಂದುಕೊಂಡೆ.
ಟಾರ್ಚ್ ಬಿಟ್ಟರೆ ಗುಂಡಿಯ ನೀರು ಕೆಂಪು.
ಅರ್ಧ ಊರಿಗೆ ನೀರು ತಿರುಗಿಸಿದ ಕೈ
ನನ್ನ ಕೈಯಲ್ಲಿ ತಣ್ಣಗಾಯಿತು.

ಈ ಸಲ ಕೊಳವೆ ಬೇಡ, ಮೊದಲು ತಟ್ಟಿ ನೋಡೋಣ ಎಂದರು.
ಬೆಳಗ್ಗೆಯಿಂದ ಖಾಲಿ ಹೊಟ್ಟೆ. ಬಲಗೈ ತಲೆಯ ಹಿಂದೆ.
ಪಕ್ಕೆಲುಬಿನ ಸಂದಿಗೆ ತಣ್ಣನೆ ಲೋಳೆ ಸವರಿ
ನಸೀಬಾ ಎಂಬ ಹುಡುಗಿ ಒಂದು ಮೊಂಡು ತುದಿ ಒತ್ತಿದಳು.
ಟಕ್.
ನನಗೆ ನಗು ಬಂತು. "ಅಲುಗಾಡಬೇಡಿ ಅಂಕಲ್."
ಟಕ್. ಟಕ್. ಹತ್ತು ಸಲ.
ಇದು ನಮ್ಮ ವಿದ್ಯೆಯೇ ಅಲ್ಲವೇನಮ್ಮ,
ಈಗ ರಸ್ತೆ ನಾನು, ಅಷ್ಟೇ.

ಗಡಸುತನ ಹದಿನೇಳೂವರೆ, ಇಪ್ಪತ್ತರ ಒಳಗೆ.
ಪ್ಲೇಟ್‌ಲೆಟ್ ಒಂದು ಲಕ್ಷ ಅರವತ್ತೆರಡು ಸಾವಿರ,
ಒಂದೂವರೆ ಲಕ್ಷದ ಮೇಲೆ.
"ಎರಡೂ ಗೆರೆಯ ಈಚೆಗಿವೆ. ಅಪಾಯದ ಉಬ್ಬು ಇರಲಾರದು.
ಈ ವರ್ಷ ಕೊಳವೆ ಬೇಡ."
ಇರಲಾರದು.
ಇಲ್ಲ ಅನ್ನಲಿಲ್ಲ.

ನನಗೆ ಡೇವಿಸ್ ರಸ್ತೆ ನೆನಪಾಯಿತು.
ಸರಳಿಗೆ ಕಿವಿಯಿಟ್ಟು, ಇಲ್ಲಿಲ್ಲ ಎಂದು ಬರೆದು ಬಂದೆ.
ಮೂರನೆಯ ದಿನ ಅಲ್ಲೇ
ಒಂದು ಆಟೋದ ಮುಂದಿನ ಚಕ್ರ ಕುಸಿದು ಕೂತಿತು.
"ನಿಮ್ಮ ಸರಳೂ ತಪ್ಪುತ್ತದಾ ಮೇಡಂ?"
ಆಕೆ ಪೆನ್ನಿನ ಕ್ಯಾಪು ಮುಚ್ಚಿದರು.
"ನೂರರಲ್ಲಿ ಐದಕ್ಕಿಂತ ಕಡಿಮೆ.
ಅದಕ್ಕೇ ವರ್ಷಕ್ಕೊಮ್ಮೆ ಕೇಳಬೇಕು."

ಸುಳ್ಳು ಹೇಳದವರು ಸಿಕ್ಕರೆ ನಿದ್ದೆ ಬರುತ್ತದೆ.
ಆಚೆ ಬಂದು ಎರಡೆರಡು ಇಡ್ಲಿ ತಿಂದೆವು.
ಮದಲೇನಮ್ಮ ಎರಡನೇ ಸಲ ಚಟ್ನಿ ಹಾಕಿಸಿಕೊಂಡಳು,
ತಿಂಗಳಿಂದ ಹಾಕಿಸಿಕೊಂಡಿರಲಿಲ್ಲ.

ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ
ಸೋಮ, ಗುರು: ಕಾಕ್ಸ್ ಟೌನ್.
ಮಂಗಳ, ಶುಕ್ರ: ಕಮ್ಮನಹಳ್ಳಿ.
ಅದರ ಕೆಳಗೆ ಬರೆದೆ: ಮುಂದಿನ ಜುಲೈ, ಒಂದು ಸಲ.
ಹೊಸದಾಗಿ ಸೇರಿದ ಹುಡುಗ ಕೇಳಿದ, ಇದ್ಯಾವ ಏರಿಯಾ ಅಣ್ಣಾ?
ಹಳೇ ಪೈಪು ಕಣೋ, ಎಂದೆ.
ಒತ್ತಡ ನೋಡ್ತಿರಬೇಕು.